ಸೇತುವೆ ಬಿದ್ದ ಮೇಲೆ ಹುಟ್ಟಿದ ಆಸೆ

2024ನೆಯ ಇಸವಿ, ಆಗಸ್ಟ್ 7, ಬುಧವಾರ. ಆಧಾರ: ಮರುದಿನದ ಎರಡು ದಿನಪತ್ರಿಕೆಗಳು. ಕಾರವಾರದ ಕೋಡಿಬಾಗವನ್ನು ಆಚೆ ದಡದ ಸದಾಶಿವಗಡಕ್ಕೆ ಕೂಡಿಸುತ್ತಿದ್ದ ಕಾಳಿ ನದಿಯ ಹಳೆಯ ಸೇತುವೆ ಕುಸಿದದ್ದು ಅಂದು. ಲಾರಿಯೊಂದು ನದಿಗೆ ಬಿತ್ತು. ಚಾಲಕ ಬದುಕಿದ.

ಆದರೆ ಕಾರವಾರದಲ್ಲಿ ಯಾರನ್ನಾದರೂ ಕೇಳಿ ನೋಡಿ, ಮಂಗಳವಾರ ರಾತ್ರಿ ಎನ್ನುತ್ತಾರೆ. ಅವರದು ತಪ್ಪೆನ್ನಲು ನನಗೂ ಮನಸ್ಸಿಲ್ಲ. ಮಂಗಳವಾರ ಮಲಗಿದವರು ಎದ್ದಾಗ ಸೇತುವೆ ಇರಲಿಲ್ಲ. ಕುಸಿಯುವ ಹೊತ್ತಿಗೆ ಗಡಿಯಾರ ನಡುರಾತ್ರಿಯನ್ನು ದಾಟಿತ್ತೆಂಬುದು ಮಲಗಿದವರಿಗೆ ಹೇಗೆ ತಿಳಿಯಬೇಕು?

ಇಷ್ಟಕ್ಕೆಲ್ಲ ಇವರಿಗೇಕೆ ತಲೆನೋವು ಎಂದು ನೀವು ಕೇಳುವುದು ಸಹಜ. (ನಿವೃತ್ತ ಸಂಶೋಧಕರಿಗೆ ಬೇರೆ ಕೆಲಸವಿಲ್ಲ ಎಂಬ ಉತ್ತರವೂ ನಿಮ್ಮ ಬಳಿಯೇ ಇರುತ್ತದೆ.) ಆದರೆ ಈ ಸಲ ತಾರೀಖನ್ನು ಕೇಳಿದವನು ನಾನಲ್ಲ, ನನ್ನ ಸೋದರಳಿಯ. ಅದರ ಮೇಲೆ ಅವನ ಮಗಳು ಎಂಜಿನಿಯರಿಂಗ್ ಓದುವಳೋ ಇಲ್ಲವೋ ಎಂಬುದು ನಿಂತಿತ್ತು.

ಸೋದರಳಿಯನ ಹೆಸರು ಮಂಜುನಾಥ, ನನ್ನ ಅಕ್ಕನ ಮಗ. ಕದ್ರಾದ ವಿದ್ಯುದಾಗಾರದಲ್ಲಿ ನೌಕರ. ಮನೆ ಅಂಕೋಲಾ ತಾಲೂಕಿನ ಅಗಸೂರಿನಲ್ಲಿ. ಮಗಳು ಅಕ್ಷತಾ ಪಿಯುಸಿ ಮುಗಿಸಿ, 2024ರ ಮಳೆಗಾಲದಲ್ಲಿ ಅಂಕೋಲೆಯ ಪದವಿ ಕಾಲೇಜಿಗೆ ಬಿಎಸ್‌ಸಿ ಸೇರಿದ್ದಳು. ಅದು ತಂದೆಯ ಯೋಜನೆ. ಬಿಎಸ್‌ಸಿ, ಆಮೇಲೆ ಬಿಎಡ್, ಆಮೇಲೆ ಹತ್ತಿರದ ಯಾವುದಾದರೂ ಹೈಸ್ಕೂಲು, ಸಂಜೆಯ ಬಸ್ಸಿಗೆ ಮನೆ. ಆ ವರ್ಷ ಅವಳು ಸಿಇಟಿಯನ್ನೂ ಬರೆದಿದ್ದಳು. ಬರೆದದ್ದು ತರಗತಿಯವರೆಲ್ಲ ಬರೆದರೆಂದು. ರ‍್ಯಾಂಕು ಬಂತು; ಮನೆಯಲ್ಲಿ ಯಾರೂ ಅದನ್ನು ಮತ್ತೆ ತೆರೆದು ನೋಡಲಿಲ್ಲ.

ಬಿಎಸ್‌ಸಿಯ ಮೊದಲ ವರ್ಷ ಓದುತ್ತಲೇ ಹುಡುಗಿ ಇನ್ನೊಮ್ಮೆ ಸಿಇಟಿ ಬರೆದಳು. ಈ ಸಲ ಮನಸ್ಸಿಟ್ಟು ಬರೆದಳು. ಸಿವಿಲ್ ಎಂಜಿನಿಯರಿಂಗ್ ಸೀಟು ಸಿಕ್ಕಿತು, ಅದೂ ಜಿಲ್ಲೆಯೊಳಗೇ. ಸೇರಬೇಕಾದರೆ ಬಿಎಸ್‌ಸಿಯನ್ನು ಬಿಡಬೇಕು, ಅಲ್ಲಿಂದ ಮೂಲ ಅಂಕಪಟ್ಟಿಗಳನ್ನೂ ವರ್ಗಾವಣೆ ಪತ್ರವನ್ನೂ ತರಬೇಕು, ಮತ್ತೆ ಮೊದಲ ವರ್ಷದಿಂದ ಆರಂಭಿಸಬೇಕು. ತಂದೆ ಒಪ್ಪಲಿಲ್ಲ. ಸೀಟು ಉಳಿಸಿಕೊಳ್ಳುವ ಗಡುವು ಹತ್ತಿರವಾಗುತ್ತಿತ್ತು. ಆಗ ಅಕ್ಕ ಫೋನು ಮಾಡಿ, ಬಂದು ಏನಾದರೊಂದು ತೀರ್ಮಾನ ಮಾಡಿ ಹೋಗು ಎಂದಳು.

ಹೋದದ್ದು ಶ್ರಾವಣದ ಒಂದು ಭಾನುವಾರ. (ತಾರೀಖನ್ನು ಬೇಕೆಂದೇ ಬಿಟ್ಟಿದ್ದೇನೆ. ಮನೆಯ ಮಾತನ್ನು ಬರೆಯಲು ಸಿಕ್ಕ ಒಪ್ಪಿಗೆ ಅಷ್ಟರದೇ.) ಶ್ರಾವಣವಾದ್ದರಿಂದ ಊಟಕ್ಕೆ ಮೀನಿರಲಿಲ್ಲ. ಮೀನಿಲ್ಲದ ಊಟದಲ್ಲಿ ನಮ್ಮ ಕಡೆಯವರು ಬೇಗ ವಾದಕ್ಕೆ ಬರುತ್ತಾರೆ ಎಂಬುದು ನನ್ನ ಬಹುಕಾಲದ ಅನುಮಾನ. ಅಂದು ಅದಕ್ಕೆ ಪುಷ್ಟಿ ದೊರೆಯಿತು.

ಮಂಜುನಾಥನ ಮೊದಲ ಆಕ್ಷೇಪ ನಿರೀಕ್ಷಿತವೇ: ಒಂದು ವರ್ಷ ಹಾಳು. ಜೊತೆಗೆ ಪಿಯುಸಿ ಓದಿದವರು ಎರಡನೆಯ ವರ್ಷದಲ್ಲಿ, ಇವಳು ಮೊದಲನೆಯದರಲ್ಲಿ. ಆದರೆ ಅವನ ನಿಜವಾದ ಆಕ್ಷೇಪ ಬೇರೆಯದಿತ್ತು. ಅದನ್ನು ಅವನು ತಟ್ಟೆಯಿಂದ ತಲೆಯೆತ್ತದೆ ಹೇಳಿದ.

“ಮಾಮ, ಸೇತುವೆ ಬಿದ್ದ ದಿವ್ಸ ಇಡೀ ಊರೇ ಎಂಜಿನಿಯರ್ ಆಗಿತ್ತು. ಚಾ ಅಂಗಡಿಲಿ ಕುಂತವ್ರೂ ಯಾವ ಕಂಬಕ್ಕೆ ಎಲ್ಲಿ ಬಿರುಕು ಇತ್ತು ಹೇಳ್ತಿದ್ರು. ಅವ್ರೆಲ್ಲ ಈಗ ಕಾಲೇಜು ಸೇರಿದಾರಾ? ಇವ್ಳದೂ ಅದೇ ಬಿಸಿ. ಇವತ್ತು ಸೇತುವೆ, ನಾಳೆ ಮತ್ತೆಂತದೋ.”

ಅಕ್ಕ ನಕ್ಕಳು. ತನಗೆ ಸೇತುವೆಯ ಚಿಂತೆಯೇ ಇಲ್ಲ, ಮೊಮ್ಮಗಳು ಕಟ್ಟಿದ ಸೇತುವೆಯನ್ನು ತಾನಂತೂ ದಾಟುವುದಿಲ್ಲ, ಅವಳು ಹೊಲಿದ ಗುಂಡಿಯೇ ವಾರ ನಿಂತದ್ದಿಲ್ಲ ಎಂದಳು. ಅಕ್ಷತಾ ಅಜ್ಜಿಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿ ಬಾಯಿ ಮುಚ್ಚಿಸಿದಳು.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ನಾವು ವರ್ಷವನ್ನು ಅಂಕಿಯಿಂದ ಹೇಳುವುದು ಕಡಿಮೆ. ಕದ್ರಾ ಅಣೆಕಟ್ಟಿನ ಗೇಟು ತೆರೆದು ನೆರೆ ಬಂದ ವರ್ಷ. ಶಿರೂರಿನ ಗುಡ್ಡ ಕುಸಿದ ಮಳೆಗಾಲ. ಸೇತುವೆ ಬಿದ್ದ ಮೇಲೆ. ಮದುವೆ, ಬಾಣಂತನ, ಹೊಸ ಬೈಕು, ಎಲ್ಲಕ್ಕೂ ಇವೇ ಗೂಟಗಳು. ನೆನಪಿಗೆ ಇದು ಅನುಕೂಲ. ಆದರೆ ಗೂಟದ ಆಚೀಚೆ ಮೇಯುತ್ತಿದ್ದ ದನಗಳೆಲ್ಲ ಕ್ರಮೇಣ ಆ ಗೂಟಕ್ಕೇ ಬಂದು ಕಟ್ಟಿಕೊಳ್ಳುತ್ತವೆ. ಅದೇ ತಿಂಗಳು ನಡೆದದ್ದು ಅದೇ ದಿನ ನಡೆದದ್ದಾಗುತ್ತದೆ. ಅದೇ ದಿನ ನಡೆದದ್ದು ಅದರಿಂದಲೇ ನಡೆದದ್ದಾಗುತ್ತದೆ. ನನ್ನ ವೃತ್ತಿಜೀವನದ ಬಹುಪಾಲು ಇಂಥ ದನಗಳನ್ನು ಬಿಚ್ಚುವುದರಲ್ಲಿಯೇ ಕಳೆದಿದೆ.

ಆದರೆ ಅಕ್ಷತಾಳ ವಿಷಯದಲ್ಲಿ ನಾನೂ ಸೇತುವೆಯ ಕಥೆಯನ್ನೇ ನಂಬಿದ್ದೆ. ಕಾರಣವಿತ್ತು. ಸೇತುವೆ ಬಿದ್ದ ವಾರವೇ ಅವಳು ಕಾರವಾರದ ನಮ್ಮ ಮನೆಗೆ ಬಂದಿದ್ದಳು. ಇಬ್ಬರೂ ಕೋಡಿಬಾಗದ ದಡಕ್ಕೆ ಹೋಗಿ ನಿಂತೆವು. ಅಲ್ಲಿ ನೆರೆದಿದ್ದವರೆಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇದು ಯಾಕೆ ಬಿತ್ತು? ಅಕ್ಷತಾ ಮಾತ್ರ ಪಕ್ಕದ ಹೊಸ ಸೇತುವೆಯನ್ನು ತೋರಿಸಿ, ಅದು ಯಾಕೆ ನಿಂತಿದೆ ಅಜ್ಜ ಎಂದು ಕೇಳಿದಳು. ಆ ಪ್ರಶ್ನೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಸಿವಿಲ್ ಎಂಜಿನಿಯರ್ ಹುಟ್ಟಿದ್ದು ಆ ದಡದಲ್ಲಿ ಎಂಬುದು ಮನೆಮಂದಿಯ ಇತಿಹಾಸವಾಗಿಬಿಟ್ಟಿತು. ಸಂಶೋಧಕನಿಗೂ ಒಳ್ಳೆಯ ಕಥೆಯೆಂದರೆ ಆಸೆಯೇ ಅಲ್ಲವೇ?

ಊಟ ಮುಗಿದು ಜಗಲಿಗೆ ಬಂದ ಮೇಲೆ ಮಂಜುನಾಥ ಪಂಥವೊಡ್ಡಿದ. ನಾನು ತಾರೀಖಿನ ಮನುಷ್ಯನೆಂಬುದು ಅವನಿಗೆ ಗೊತ್ತು.

“ಸೇತುವೆ ಬೀಳುಕೆ ಮುಂಚೆ ಇವ್ಳ ಬಾಯಿಂದ ಸಿವಿಲ್ ಹೇಳುವ ಒಂದು ಶಬ್ದ ಬಂದದ್ದು ತೋರ್ಸಿ ಮಾಮ. ನಾನೇ ಕರ್ಕೊಂಡು ಹೋಗಿ ಸೇರ್ಸಿ ಬತ್ತೆ.”

ನ್ಯಾಯವಾದ ಷರತ್ತು. ಘಟನೆಗೆ ಮೊದಲೇ ಇದ್ದ ಆಸೆಯಾದರೆ ಅದು ಆಸೆ. ಘಟನೆಯ ಬೆನ್ನಿಗೆ ಬಂದದ್ದಾದರೆ ಆವೇಶ. ತಂದೆಯಾದವನು ಹೀಗೆ ಯೋಚಿಸುವುದರಲ್ಲಿ ತಪ್ಪೇನಿದೆ? ಎಲ್ಲರೂ ಅಕ್ಷತಾಳತ್ತ ನೋಡಿದೆವು. ಅವಳ ತಾಯಿ ಸುಮನಾ ಬಾಗಿಲಲ್ಲಿ ನಿಂತು, ಹೇಳು ಎಂಬಂತೆ ಕಣ್ಣಿನಲ್ಲೇ ಸನ್ನೆ ಮಾಡಿದಳು. ಹೌದು, ಮೊದಲೇ ಇತ್ತು ಎಂದರೆ ಮುಗಿದುಹೋಗುತ್ತಿತ್ತು. ಯಾರೂ ಸಾಕ್ಷಿ ಕೇಳುತ್ತಿರಲಿಲ್ಲ. ಬಹುಶಃ ಮಂಜುನಾಥನಿಗೂ ಆ ಸುಳ್ಳೇ ಬೇಕಿತ್ತು.

ಹುಡುಗಿ ತಂದೆಯತ್ತ ತಿರುಗಿದಳು.

“ಇಲ್ಲ ಅಪ್ಪ. ಸೇತುವೆ ನೋಡಿದ ಮೇಲೇ. ಮುಂಚೆ ನಂಗೆ ಹಾಗೆ ಅನ್ಸಿದ್ದು ನೆನಪಿಲ್ಲ.”

ಸುಮನಾ ಒಳಗೆ ಹೋದಳು. ಪಾತ್ರೆಗಳ ಸದ್ದು ಜೋರಾಯಿತು. ಅಕ್ಕ ಹಣೆಗೆ ಕೈ ಇಟ್ಟುಕೊಂಡು, ಈ ಕೂಸಿಗೆ ಓದು ಬಂತು, ಬುದ್ಧಿ ಬರಲಿಲ್ಲ ಎಂದಳು.

ನಾನು ವಕೀಲಿಕೆಗೆ ಇಳಿದೆ. ಆಸೆಯ ಬೆಲೆಯನ್ನು ಅದು ಹುಟ್ಟಿದ ತಾರೀಖಿನಿಂದ ಕಟ್ಟುವುದು ಸರಿಯೇ ಎಂದು ಕೇಳಿದೆ. ಚಹಾ ಅಂಗಡಿಯವರ ಆವೇಶ ವಾರದಲ್ಲಿ ಇಳಿಯಿತು. ಇವಳದು ಒಂದು ಬಿಎಸ್‌ಸಿ ಪರೀಕ್ಷೆಯನ್ನೂ ಒಂದು ಸಿಇಟಿಯನ್ನೂ ಒಟ್ಟಿಗೆ ದಾಟಿ ಬಂದಿದೆ. ಇನ್ನು ವರ್ಷ ಹಾಳಾಯಿತೆಂಬ ಮಾತು. ಹಾಳಾಗುವುದೆಂದರೇನು? ಆ ವರ್ಷ ಕಲಿತ ಗಣಿತ ತಲೆಯಿಂದ ಇಳಿದು ಹೋಗುತ್ತದೆಯೇ? ತನಗೆ ಬೇಡವಾದುದು ಯಾವುದೆಂದು ಹತ್ತೊಂಬತ್ತಕ್ಕೇ ತಿಳಿದುಕೊಂಡವರು ನಮ್ಮಲ್ಲಿ ಎಷ್ಟು ಜನ? ವಾದ ಚೆನ್ನಾಗಿತ್ತೆಂದು ನನಗೇ ಅನಿಸಿತು.

ಮಂಜುನಾಥ ಅದನ್ನು ಕೇಳಿಸಿಕೊಂಡ ಹಾಗಿರಲಿಲ್ಲ. ಮಗಳನ್ನೇ ನೋಡುತ್ತಿದ್ದ. ಕೊನೆಗೆ ಒಂದೇ ಮಾತು ಕೇಳಿದ: ಮೊದಲೇ ಇತ್ತು ಎಂದು ಹೇಳಬಹುದಿತ್ತಲ್ಲ, ಯಾಕೆ ಹೇಳಲಿಲ್ಲ? ಅವಳು, ಇಲ್ಲದ್ದನ್ನು ಹೇಗೆ ಹೇಳುವುದು ಎಂದಳು. ಅವನು ಎದ್ದು ಅಂಗಿ ಹಾಕಿಕೊಂಡು ಹೊರಗೆ ಹೋದ. ಗದ್ದೆಯ ಬದುವಿನ ಮೇಲೆ ಅತ್ತಿಂದಿತ್ತ ನಡೆಯುವುದು ಜಗಲಿಯಿಂದ ಕಾಣುತ್ತಿತ್ತು. ನಾನು ಸೋತೆನೆಂದೇ ತಿಳಿದು ಚೀಲ ಎತ್ತಿಕೊಂಡೆ.

ಹಿಂದಿರುಗಿ ಬಂದವನು ಮೆಟ್ಟಿಲ ಮೇಲೆಯೇ ನಿಂತು ಹೇಳಿದ.

“ನಾಡಿದ್ದು ನಂಗೆ ರಜೆ. ಕಾಲೇಜಿಗೆ ಹೋಗಿ ಟಿಸಿ ತರುವ. ಸೀಟು ಕೈತಪ್ಪುವ ಹಾಗಿದ್ರೂ ಸುಳ್ಳು ಹೇಳ್ಲಿಲ್ಲ ಇವ್ಳು. ಸೇತುವೆ ಕಟ್ಟುವವ್ರಿಗೆ ಅಷ್ಟಾದ್ರೂ ಬೇಕು, ಅಲ್ವ ಮಾಮ?”

ನನ್ನ ವಾದಕ್ಕೆ ಒಂದು ಅಂಕವೂ ಸಿಗಲಿಲ್ಲ. ಬೇಸರವಿಲ್ಲ.

ಟಿಸಿ ತರಲು ಹೋದಾಗ ಗಣಿತದ ಮೇಡಂ ಸ್ವಲ್ಪ ಮುನಿಸಿಕೊಂಡರಂತೆ. ಬೋರ್ಡಿನ ಹತ್ತಿರ ಬಂದು ಲೆಕ್ಕ ಬಿಡಿಸುವ ಹುಡುಗಿಯರನ್ನೆಲ್ಲ ಹೀಗೆ ಮಧ್ಯದಲ್ಲಿ ಎಬ್ಬಿಸಿಕೊಂಡು ಹೋದರೆ ಬಿಎಸ್‌ಸಿಯಲ್ಲಿ ಉಳಿಯುವವರು ಯಾರು ಎಂದು ಕೇಳಿದರಂತೆ. ಬಿಎಸ್‌ಸಿಯನ್ನು ನಾವು ರೈಲ್ವೆಯ ವೇಟಿಂಗ್ ರೂಮಿನಂತೆ ಬಳಸುತ್ತಿದ್ದೇವೆ. ಗಾಡಿ ಬಂದವರು ಏಳುತ್ತಾರೆ, ಬಾರದವರು ಪದವೀಧರರಾಗುತ್ತಾರೆ. ಭೌತಶಾಸ್ತ್ರವನ್ನು ಭೌತಶಾಸ್ತ್ರಕ್ಕಾಗಿಯೇ ಓದಬೇಕೆಂದವರು ಅದೇ ಕೋಣೆಯಲ್ಲಿ ಕುಳಿತು ಏನಂದುಕೊಳ್ಳುತ್ತಾರೋ. ಅಕ್ಷತಾ ಬಿಟ್ಟುಬಂದ ಬೆಂಚಿನ ಮಟ್ಟಿಗೆ ಮೇಡಂ ಹೇಳಿದ್ದು ಸರಿ.

ಅಕ್ಷತಾ ಈಗ ಸಿವಿಲ್ ಓದುತ್ತಿದ್ದಾಳೆ. ತನಗಿಂತ ಕಿರಿಯರು ಮೊದಮೊದಲು ಅಕ್ಕ ಎಂದು ಕರೆದಾಗ ಕಸಿವಿಸಿಯಾಗುತ್ತಿತ್ತಂತೆ. ಈಗ ಆ ಸಲುಗೆಯಲ್ಲಿ ಅವರಿಂದಲೇ ಡ್ರಾಯಿಂಗ್ ಶೀಟು ಹೊರಿಸುತ್ತಾಳಂತೆ.

ಈ ಅಂಕಣವನ್ನು ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಾವಿಬ್ಬರೂ ಕೋಡಿಬಾಗದ ದಡದಲ್ಲಿ ನಿಂತ ದಿನ ಯಾವುದೆಂದು ನನಗೆ ಖಚಿತವಿರಲಿಲ್ಲ. ನನ್ನ ಪತ್ನಿ ಶಾರದಾಳನ್ನು ಕೇಳಿದೆ. ಹುಡುಗಿ ಬರುವ ಮೊದಲು ವಾಟ್ಸ್ಆ್ಯಪ್‌ನಲ್ಲಿ ಹೇಳಿರಬೇಕು ಎಂದು ಅವಳು ತನ್ನ ಫೋನಿನಲ್ಲಿ ಹಿಂದಕ್ಕೆ ಹೋದಳು. ಹೋಗುತ್ತಾ ಸ್ವಲ್ಪ ಹೆಚ್ಚೇ ಹಿಂದಕ್ಕೆ ಹೋದಳು. ಅಕ್ಷತಾಳದೇ ಒಂದು ಧ್ವನಿಸಂದೇಶ ಸಿಕ್ಕಿತು. ಕೇಳಿದೆವು.

“ಅಜ್ಜಿ, ಬಿಎಸ್‌ಸಿ ಸೇರಿದೆ. ಆದ್ರೆ ಇಲ್ಲಿಂದ ಸಿವಿಲ್‌ಗೆ ಬದ್ಲಾಗುಕೆ ಬತ್ತದಾ? ಅಜ್ಜನ ಹತ್ರ ಒಂಚೂರು ಕೇಳಿ ಹೇಳು.”

ಅದರ ಕೆಳಗೆ ಶಾರದಾಳ ಉತ್ತರ: ಈಗ ಈ ಮಳೆ, ಗುಡ್ಡ ಬೇರೆ ಕುಸಿದಿದೆ, ಅದೆಲ್ಲ ಮತ್ತೆ ನೋಡುವ. ಅಲ್ಲಿಗೆ ಮಾತು ನಿಂತಿದೆ. ಕೇಳಿದವಳಿಗೂ ನೆನಪಿಲ್ಲ, ಉತ್ತರಿಸಿದವಳಿಗೂ ನೆನಪಿಲ್ಲ. ಆ ವರ್ಷದ ಸಿಇಟಿ ಸೀಟು ಹಂಚಿಕೆ ಆಗಿನ್ನೂ ಮುಗಿದಿರಲಿಲ್ಲ; ಆಗಲೇ ಬಂದಿದ್ದ ರ‍್ಯಾಂಕಿನ ಮೇಲೆ ಸೀಟು ಕೇಳಬಹುದಿತ್ತು. ಹಾಳಾಯಿತೋ ಇಲ್ಲವೋ ಎಂದು ನಾವು ವಾದ ಮಾಡಿದ ಆ ವರ್ಷ ಅವಳ ಕೈಯಲ್ಲಿಯೇ ಇತ್ತು.

ಸಂದೇಶದ ತಾರೀಖನ್ನು ಎರಡು ಸಲ ನೋಡಿದೆ: 2024, ಜುಲೈ 28, ಭಾನುವಾರ. ಅವಳು ಕೇಳಿದಾಗ ಸೇತುವೆ ನಿಂತೇ ಇತ್ತು. ನಮ್ಮ ಕಿವಿಗೆ ಬೀಳಲು ಅದೂ ಬೀಳಬೇಕಾಯಿತೇ?