ಅಪ್ಪನ 'ಸೆಟ್ ಆತು'

ಇವತ್ತು ಬ್ಯಾಡಗಿಯಲ್ಲಿ ಬಸ್ಸಿಳಿದೊಡನೆ ಮೆಣಸಿನಕಾಯಿ ಘಾಟಿಗೆ ಸೀನು ಬಂತು. ಸೀನಿನ ಹಿಂದೆಯೇ ಅಪ್ಪ ನೆನಪಾದ.

ಅಪ್ಪನಿಗೆ ಬರುತ್ತಿದ್ದ ಇಂಗ್ಲಿಷ್ ಶಬ್ದ ಒಂದೇ, 'ಸೆಟ್'. ನಿಂತ ಮೋಟರ್ ತಿರುಗಿದರೆ ಸೆಟ್, ನನ್ನ ಹೊಟ್ಟೆನೋವು ಹೋದರೆ ಸೆಟ್. ಕಣದಲ್ಲಿ ಹರವಿದ ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದ. ಒಳಗೆ ಬೀಜ ಗಿಲಿಗಿಲಿ ಎಂದರೆ, "ಒಣಗಿ ಸೆಟ್ ಆತು, ಚೀಲ ತುಂಬ್ರಿ" ಅನ್ನುತ್ತಿದ್ದ.

ಒಂದು ಸಂಜೆ ರಾಣೆಬೆನ್ನೂರಿನ ಗಂಡಿನ ಕಡೆಯವರನ್ನು ಕಳಿಸಿ ಬಂದವನೇ, "ನಮ್ಮ ಶಾಂತವ್ವನ ಮದುವಿ ಸೆಟ್ ಆತು" ಎಂದ. ಅವ್ವ ಎಲ್ಲರ ಬಾಯಿಗೆ ಸಕ್ಕರೆ ಹಾಕಿದಳು. ಆಗಿನ್ನೂ ಸಣ್ಣವಳಾಗಿದ್ದ ನನಗೆ ಗೊಂದಲ. ಅಕ್ಕನನ್ನು ಯಾರೂ ಅಲುಗಾಡಿಸಿ ನೋಡಿರಲೇ ಇಲ್ಲವಲ್ಲ! ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದವಳ ಭುಜ ಅಲುಗಾಡಿಸಿ, ಬೆನ್ನಿಗೆ ಕಿವಿಯಿಟ್ಟೆ. ಗಿಲಿಗಿಲಿ ಇಲ್ಲ, ಒಳಗೆ ಬಿಕ್ಕುವ ಸದ್ದು.

"ಅಪ್ಪಾ, ಅಕ್ಕ ಇನ್ನೂ ಹಸೀನ ಅದಾಳ" ಎಂದು ಕೂಗಿದೆ. ಮನೆಮಂದಿಯೆಲ್ಲ ನಕ್ಕರು. ಯಾಕೆ ನಕ್ಕರೋ ತಿಳಿಯಲಿಲ್ಲ.

ಇವತ್ತಿನ ಸೀನು ನಿಲ್ಲುವಷ್ಟರಲ್ಲಿ ಅಕ್ಕನ ಫೋನ್ ಬಂತು. "ತಂಗೆವ್ವಾ, ನನ್ನ ಮಗಳ ಮದುವಿ ಸೆಟ್ ಆತು!" ಫೋನಿಗೆ ಕಿವಿಯೊತ್ತಿ ಕೇಳಿದೆ. ಅಕ್ಕ ನಗುತ್ತಿದ್ದಳು. ಹುಡುಗಿಯ ಸದ್ದೇ ಇರಲಿಲ್ಲ.