ಮೂರನೆಯ ಚೀಲ

ಕಾಲೇಜಿನ ಹುಡುಗಿಯರು ಅವಳನ್ನು ನೊಣದಕ್ಕ ಎಂದು ಕರೆಯುತ್ತಿದ್ದರು. ಅವಳು ಬೇಸರಪಟ್ಟುಕೊಂಡವಳಲ್ಲ. ಹತ್ತೊಂಬತ್ತು ವರ್ಷಗಳಿಂದ ಪ್ರಾಣಿಶಾಸ್ತ್ರ ವಿಭಾಗದ ಕೊನೆಯ ಕೋಣೆಯಲ್ಲಿ, ಹಣ್ಣಿಗೆ ಮುತ್ತುವ ಸಣ್ಣ ಜಾತಿಯ ಹೆಣ್ಣು ನೊಣಗಳ ಹೊಟ್ಟೆ ಬಿಡಿಸಿ, ಒಳಗೆ ಕಂಡದ್ದನ್ನು ಮಸಿಯಲ್ಲಿ ಬರೆಯುವುದೇ ಅವಳ ಕೆಲಸ. ನೊಣ ಹಾರಿಹೋಗದಿರಲೆಂದು ಆ ಕೋಣೆಗೆ ಎರಡು ಬಾಗಿಲು. ಒಂದನ್ನು ಮುಚ್ಚದೆ ಇನ್ನೊಂದನ್ನು ತೆರೆಯುವಂತಿಲ್ಲ. ಕಿಟಕಿಗಳಿಗೆ ಮೊಳೆ ಹೊಡೆದಿತ್ತು. ಹೊರಗೆ ಬಿಸಿಲೋ ಮೋಡವೋ ಎಂಬುದು ಮನೆಗೆ ಹೊರಟಾಗಲೇ ತಿಳಿಯುತ್ತಿತ್ತು.

ಮನೆಯೆಂದರೆ ಅಣ್ಣನ ಮನೆ, ಅಡುಗೆಮನೆಯ ಪಕ್ಕದ ಇಕ್ಕಟ್ಟಿನ ಕೋಣೆ. ಊಟದ ಹೊತ್ತಿಗೆ ಒಂದು ನೊಣ ಬಂದು ಕೂತರೂ ಸಾಕು, ಅತ್ತಿಗೆ ತಟ್ಟೆ ಸರಿಸಿ, "ನೋಡಮ್ಮ, ನಿನ್ ಕಡೆಯೋರು ಬಂದ್ರು, ವಿಚಾರಿಸ್ಕೋ" ಎನ್ನುತ್ತಿದ್ದಳು. ಅಣ್ಣ ನಗುತ್ತಿದ್ದ. ಕೆಲಸ ಹೋದರೆ ಆ ನಗು ಎಷ್ಟು ದಿನ ಉಳಿದೀತು ಎಂದು ಅವಳು ಯೋಚಿಸಲು ಹೋಗುತ್ತಿರಲಿಲ್ಲ. ಕೆಲಸ ಖಾಯಂ ಅಲ್ಲ. ಆ ಕೋಣೆಯ ಸಂಶೋಧನೆ ನಡೆಸುವ ಮೇಷ್ಟ್ರು 'ಈಕೆ ಬೇಕು' ಎಂದು ಬರೆದುಕೊಟ್ಟರೆ ಮುಂದಿನ ವರ್ಷ ಉಂಟು, ಇಲ್ಲದಿದ್ದರೆ ಇಲ್ಲ.

ಹೆಣ್ಣು ನೊಣ ಒಮ್ಮೆ ಕೂಡಿದರೆ ಗಂಡಿನ ಬೀಜವನ್ನು ಒಡಲಲ್ಲೇ ಕಾಪಿಟ್ಟುಕೊಂಡು, ದಿನಗಟ್ಟಲೆ ತನ್ನ ಮೊಟ್ಟೆಗಳಿಗೆ ಚೂರುಚೂರೇ ಬಿಡುತ್ತದೆ. ಅದಕ್ಕೆಂದೇ ಸುರುಳಿ ಸುತ್ತಿದ ಒಂದು ಉದ್ದನೆಯ ಕೊಳವೆ, ಪಕ್ಕದಲ್ಲಿ ಅಣಬೆಯಂಥ ಎರಡು ಕಂದು ಚೀಲ. ಮೇಷ್ಟ್ರ ಪುಸ್ತಕದಲ್ಲಿ ಎರಡೇ. ಆ ಚಿತ್ರಗಳೂ ಅವಳವೇ. ಆ ತಿಂಗಳು ಬಂದ ಹೊಸ ತಳಿಯ ನೊಣದಲ್ಲಿ ಅವಳಿಗೆ ಮೂರು ಕಂಡವು. ತನ್ನ ಸೂಜಿಯೇ ಏನನ್ನೋ ಹರಿದಿರಬೇಕು ಎಂದುಕೊಂಡಳು. ಮತ್ತೆ ಮತ್ತೆ ಬೇರೆ ನೊಣ ಬಿಡಿಸಿದಳು; ಹನ್ನೊಂದನೆಯದರಲ್ಲೂ ಮೂರೇ, ಮೂರಕ್ಕೂ ಬೇರೆ ಬೇರೆ ನಾಳ. ಹಾಗೆಯೇ ಬರೆದಳು. ಬರೆಯುವಾಗ, ಎಷ್ಟೋ ಕಾಲದ ಮೇಲೆ, ಕೈ ತನ್ನದೆನಿಸಿತು.

ಹಾಳೆಯನ್ನು ಮೇಷ್ಟ್ರ ಮುಂದಿಟ್ಟು ಮೂರಿವೆ ಎಂದು ಬಾಯಿಂದಲೂ ಹೇಳಿದಳು. ಈಚೆಗೆ ಅವರು ಎಲ್ಲವನ್ನೂ ಹೇಳಿಸಿಕೊಳ್ಳುತ್ತಿದ್ದರು. ಒಂದನ್ನು ಬ್ಲೇಡಿನಿಂದ ಕೆರೆದು ತೆಗೆ ಎಂದರು.

ಎದುರಾಡಿ ಗೊತ್ತಿಲ್ಲದವಳು, ಒಂದು ಸಲ ನೀವೇ ನೋಡಿ ಎಂದಳು.

ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ವರ್ಷಗಳೇ ಆಗಿದ್ದವು. ಪುರುಸೊತ್ತಿಲ್ಲ ಎಂದು ಎಲ್ಲರೂ ತಿಳಿದಿದ್ದರು. ಈಗ ಎದ್ದು ಬಂದು ಕೂತರು, ಬಗ್ಗಿದರು, ತಿರುಪನ್ನು ಹಿಂದೆ ಮುಂದೆ ಆಡಿಸಿದರು.

"ಎರಡೇ ಇದಾವಲ್ಲ."

ಬಿಡಿಸಿಟ್ಟದ್ದು ಶಾಖಕ್ಕೆ ಒಣಗೀತೆಂದು ಅವಳು ಆಗಲೇ ಸೂಕ್ಷ್ಮದರ್ಶಕದ ದೀಪ ಆರಿಸಿದ್ದಳು.

ಸುಮ್ಮನಿರಬಹುದಿತ್ತು. "ಸರ್, ಲೈಟ್ ಹಾಕಿಲ್ಲ" ಅಂದಳು.

ಅವರು ತಲೆ ಎತ್ತಲಿಲ್ಲ. ತಿರುಪಿನಿಂದ ಕೈ ತೆಗೆದರು.

"ಹಾಕಿದ್ರೂ ನಂಗೆ ಅಷ್ಟೇ ಕಣಮ್ಮ. ಮೂರು ಅಂತ ಬರೆದ್ರೆ ನಾಲ್ಕು ಜನ ಬರ್ತಾರೆ, ತೋರ್ಸಿ ಅಂತಾರೆ. ನಾನೇನ್ ತೋರ್ಸ್ಲಿ? ಅವತ್ತೇ ಈ ಕೋಣೆಗೆ ಬೀಗ. ನೀನೂ ಮನೆಗೆ, ನಾನೂ ಮನೆಗೆ."

ಗದರಿದ್ದರೆ ತಿರುಗಿ ಒಂದು ಮಾತು ಅನ್ನಬಹುದಿತ್ತು. ಬೇಡಿಕೊಳ್ಳುವವರಿಗೆ ಏನನ್ನುವುದು? ಬಾಗಿಲಿನತ್ತ ನೋಡಿದಳು. ಅದರಾಚೆಗೆ ಇನ್ನೊಂದು ಬಾಗಿಲು, ಅದರಾಚೆಗೆ ಅತ್ತಿಗೆಯ ಅಡುಗೆಮನೆ.

ಬ್ಲೇಡು ತೆಗೆದುಕೊಂಡಳು. ಹಗುರಾಗಿ, ನಾರು ಏಳದಂತೆ ಕೆರೆದಳು. ಮೂರನೆಯ ಚೀಲ ಹೋಯಿತು, ನಾಳವೂ ಹೋಯಿತು. ಕಾಗದ ಅಲ್ಲಿ ಉಸಿರಿಗೇ ಹರಿಯುವಷ್ಟು ತೆಳ್ಳಗಾಗಿತ್ತು.

ಮೇಷ್ಟ್ರು ಎದ್ದು ಹೋಗದೆ ಪಕ್ಕದ ಸ್ಟೂಲಿನಲ್ಲೇ ಕೂತಿದ್ದರು. ಅವಳು ಮುಂದಿನ ನೊಣವನ್ನು ಚಿಮಟದಲ್ಲಿ ಹಿಡಿದು ಗಾಜಿನ ಮೇಲಿಟ್ಟಳು. ಇದರಲ್ಲಿ ಎಷ್ಟು ಎಂದು ಅವರು ಕೇಳಿದರು.

"ಎರಡು ಸರ್."

ಹೊಟ್ಟೆಯನ್ನು ಇನ್ನೂ ಬಿಡಿಸಿರಲಿಲ್ಲ.