ಚೀಲ ಹತ್ತಿತು, ಅಕ್ಕ ಹತ್ತಲಿಲ್ಲ

ಚಿಂತೆ ಮಾಡುವುದರಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲೇ ನನಗೆ ಸರಿಸಾಟಿಯಿಲ್ಲ ಎಂದು ಅಕ್ಕ ಹೇಳುತ್ತಾಳೆ. ಸುಳ್ಳಲ್ಲ. ಬೇಸಿಗೆಯಲ್ಲಿ ಕಾಫಿಗೆ ಹೂ ಬಿಡಿಸುವ ಹೂಮಳೆ ತಡವಾದರೆ ನನಗೆ ನಿದ್ದೆ ಬರುವುದಿಲ್ಲ. ಸಕಾಲಕ್ಕೆ ಬಂದರೆ, ಇಷ್ಟು ಸರಿಯಾಗಿ ಬಂದ ಮಳೆ ಮುಂದೆ ಕೈಕೊಡುತ್ತದೆಂದು ನಿದ್ದೆ ಬರುವುದಿಲ್ಲ. ಹಾಗಂತ ನನಗೆ ಸ್ವಂತದ್ದೆಂದು ಒಂದು ಕಾಫಿ ಗಿಡವೂ ಇಲ್ಲ. ಬೇರೆಯವರ ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆಯುವವನು. ಮದುವೆಯಾಗದೆ ಉಳಿದದ್ದಕ್ಕೂ ಈ ಗುಣವೇ ಕಾರಣವಿರಬಹುದು. ಹೆಣ್ಣು ನೋಡಲು ಹೋದಲ್ಲೆಲ್ಲ ನಾನು ಹೆಣ್ಣನ್ನು ಬಿಟ್ಟು ಆ ಮನೆಯ ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ನೋಡುತ್ತ ಕೂತಿರುತ್ತಿದ್ದೆನಂತೆ.

ಇಂಥವನ ಹತ್ತಿರ, ಎಂಬತ್ತರ ದಶಕದ ಆರಂಭದಲ್ಲಿ, ಮಹಿಳಾ ಸಮಾಜದವರು ತಮ್ಮ ತೋಟಕ್ಕೊಂದು ನಕ್ಷೆ ಬಿಡಿಸಿಕೊಡಿ ಎಂದು ಕೇಳಿದರು. ಸಮಾಜದ ಕಟ್ಟಡದ ಹಿಂದೆ ಒಂದು ದಿಣ್ಣೆಯಿತ್ತು. ಪೇಟೆಯಲ್ಲಿ ಹಿತ್ತಿಲಿಲ್ಲದ ಮನೆಗಳ ಹೆಂಗಸರು ಅಲ್ಲಿ ಒಂದೊಂದು ಪಾತಿ ಹಂಚಿಕೊಂಡು ಬೀನ್ಸು, ಬಸಳೆ, ಮಳೆಗಾಲಕ್ಕೆ ಡೇರೆ ಹೂವು ಬೆಳೆಯುತ್ತಿದ್ದರು. ಡೇರೆಯೆಂದರೆ ನಮ್ಮ ಕಡೆಯ ಹೆಂಗಸರಿಗೆ ಬಂಗಾರಕ್ಕಿಂತ ಹೆಚ್ಚು. ಕೇಳಿದಾಗ ಗೆಡ್ಡೆ ಕೊಡದ ನೆಂಟರ ಮನೆಯ ಮದುವೆಗೆ ಹೋಗದವರೂ ಇದ್ದಾರೆ. ಹಿಂದಿನ ಮಳೆಗಾಲದಲ್ಲಿ ಅಲ್ಲಿದ್ದ ಹಳೆಯ ಶೆಡ್ಡು ಕುಸಿದಿತ್ತು. ಹೊಸದು ಕಟ್ಟುವಾಗಲೇ ದಿಣ್ಣೆಗೆ ಒಂದು ಇಳಿಜಾರು ದಾರಿಯನ್ನೂ ಮಾಡಿ, ನನ್ನ ಅಕ್ಕ ಮತ್ತೆ ತೋಟಕ್ಕೆ ಬರುವಂತಾಗಬೇಕೆಂದು ಅವರ ಆಸೆ.

ಅಕ್ಕ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಆ ದಿಣ್ಣೆಗೆ ಮೊದಲು ಗುದ್ದಲಿ ಹಾಕಿದವಳೂ ಅವಳೇ. ಘಾಟಿಯ ತಿರುವಿನಲ್ಲಿ ಅವಳಿದ್ದ ಜೀಪು ಮಗುಚಿದ ಮೇಲೆ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಮಂಗಳೂರಿನಿಂದ ಗಾಲಿಕುರ್ಚಿ ಬಂತು, ಮನೆಯ ಹೊಸ್ತಿಲಿಗೆ ಹಲಗೆ ಬಿತ್ತು. ಸಮಾಜದ ಕಟ್ಟಡ ನಮ್ಮ ಮನೆಯ ಸಾಲಿನಲ್ಲೇ ಇತ್ತು, ರಸ್ತೆಯೂ ಮಟ್ಟಸ. ಅಲ್ಲಿಯವರೆಗೆ ಅವಳೇ ಚಕ್ರ ತಿರುಗಿಸಿಕೊಂಡು ಹೋಗಬಲ್ಲಳು. ದಿಣ್ಣೆ ಹತ್ತುವುದೇ ಆಗದ ಮಾತು. ಮೊದಮೊದಲು ಜನ ಅವಳನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋದರು. "ಹುಷಾರು ಮಾರಾಯ್ರೆ, ಎಡಗಡೆ ಕಲ್ಲಿದೆ," "ಸ್ವಲ್ಪ ಮೇಲೆತ್ರೀ," ಎಂದು ಗದ್ದಲ. ಹಿಂದೆ ಕೊಡೆ ಹಿಡಿದು ನಾನು. ಕೆಲವು ಸಲ ಹೋಗಿ ಬಂದವಳು ಬೆನ್ನು ನೋವೆಂದು ನಿಲ್ಲಿಸಿಬಿಟ್ಟಳು. ನಾವು ನಂಬಿದೆವು. ನಾನಂತೂ ಬೆನ್ನಿಗೆ ಹಚ್ಚಲು ಎಣ್ಣೆಯನ್ನೂ ತಂದುಕೊಟ್ಟೆ.

ನಕ್ಷೆ ಬಿಡಿಸಲು ಕೂತಾಗ ನನ್ನ ತಲೆಯಲ್ಲಿ ತೋಟಕ್ಕಿಂತ ಅನಾಹುತಗಳೇ ಹೆಚ್ಚಿದ್ದವು. ದಾರಿಯಲ್ಲಿ ಮಳೆನೀರು ಹರಿದು ಪಾತಿಗಳು ಕೊಚ್ಚಿಹೋದರೆ? ದಾರಿ ಸುಲಭವಾಯಿತೆಂದು ಬೀದಿ ದನಗಳೆಲ್ಲ ಮೇಲೆ ಬಂದರೆ? ರಕ್ತ ಹೀರುವ ಇಂಬಳಗಳು ಚಕ್ರ ಹಿಡಿದು ಹತ್ತಿ ಅಕ್ಕನ ಕಾಲಿಗೆ ಕಚ್ಚಿದರೆ, ಆ ಕಾಲಿಗೆ ಗೊತ್ತೇ ಆಗುವುದಿಲ್ಲವಲ್ಲ? ಇದೆಲ್ಲ ಯೋಚಿಸಿ ಯೋಚಿಸಿ, ಕೊನೆಗೆ ಗೇಟಿನಿಂದ ದಿಣ್ಣೆಯ ತಲೆಗೆ ನೇರವಾಗಿ ಒಂದು ಗೆರೆ ಎಳೆದೆ. ತಲೆಯ ಮೇಲೆ ಶೆಡ್ಡು. ಅಕ್ಕನ ಪಾತಿಗಳನ್ನು ನೆಲದಲ್ಲಿ ಮಾಡದೆ, ಕಲ್ಲುಕಂಬಗಳ ಮೇಲೆ ಸಿಲ್ವರ್ ಓಕ್ ಹಲಗೆಯ ಪೆಟ್ಟಿಗೆಗಳನ್ನಿಟ್ಟು ಮಣ್ಣು ತುಂಬಿದರೆ ಕೂತಲ್ಲಿಂದಲೇ ಕೈಗೆ ಎಟಕುತ್ತವೆ. ಈ ಪೆಟ್ಟಿಗೆಯ ಉಪಾಯ ಎಲ್ಲರಿಗೂ ಹಿಡಿಸಿತು. ನನಗೂ ಹಿಡಿಸಿದ್ದರಿಂದ ಒಂದು ದಿನ ಪೂರ್ತಿ ಚಿಂತೆಯಿಲ್ಲದೆ ಕಳೆದೆ.

ಕಟ್ಟಲು ಬಂದ ಗಾರೆಯವರು ಎಸ್ಟೇಟುಗಳಲ್ಲಿ ಕಾಫಿ ಕಣ, ಗೋಡೌನು ಕಟ್ಟಿ ಹೆಸರಾದವರು. ನಮ್ಮಲ್ಲಿ ಇಳಿಜಾರು ಕಟ್ಟುವುದು ಒಂದೇ ಕಾರಣಕ್ಕೆ: ಕಾಫಿ ಚೀಲವನ್ನು ಲಾರಿಗೆ ಹತ್ತಿಸಲು. ಅವರು ಮಣ್ಣು, ಜಲ್ಲಿ ಹಾಕಿ, ಬಡಿದು ದಮ್ಮಸ್ ಮಾಡಿದರು. ಸಿಮೆಂಟ್ ಹಾಕುವ ಮೊದಲು ಒಮ್ಮೆ ಪರೀಕ್ಷೆ ಮಾಡಿಬಿಡೋಣವೆಂದರು. ನನಗೂ ಅದೇ ಬೇಕಿತ್ತು. ಮನೆಗೆ ಹೋಗಿ ಕುರ್ಚಿ ಕೇಳಿದೆ.

"ಕುರ್ಚಿ ಒಯ್ತೀಯ, ನನ್ನನ್ನ?" ಎಂದಳು ಅಕ್ಕ, ಮಂಚದ ಮೇಲಿಂದ.

"ನೀನು ಆಮೇಲೆ. ಮೊದ್ಲು ಗಟ್ಟಿ ಇದೆಯಾ ನೋಡ್ಬೇಕು."

ಎಸ್ಟೇಟಿನಿಂದ ತಂದ ಪಾರ್ಚ್‌ಮೆಂಟ್ ಕಾಫಿಯ ಚೀಲವೊಂದನ್ನು ಕುರ್ಚಿಯಲ್ಲಿ ಕೂರಿಸಿ, ಬೀಳದಂತೆ ಹಗ್ಗ ಕಟ್ಟಿದೆವು. ಗಾರೆಯವರು ಒಂದು ಕಡೆ, ನಾನು ಒಂದು ಕಡೆ ನಿಂತು ತಳ್ಳಿದೆವು. ಚೀಲ ಗಂಭೀರವಾಗಿ, ಯಾವ ತಕರಾರೂ ಇಲ್ಲದೆ ದಿಣ್ಣೆ ಹತ್ತಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಕಾಫಿ ಕುಡಿದು ಎಲ್ಲರೂ ಹೊರಟೆವು. ನನಗೆ ಆಗಲೇ ಅನುಮಾನ ಬರಬೇಕಿತ್ತು. ನಾನು ಚಿಂತೆ ಮಾಡಿದ ಯಾವ ಕೆಲಸವೂ ಅಷ್ಟು ಸಲೀಸಾಗಿ ಮುಗಿದದ್ದಿಲ್ಲ.

ಮರುದಿನ ಅಕ್ಕ ಬಂದಳು. ದಾರಿಯ ಬುಡದಲ್ಲಿ ಕುರ್ಚಿ ನಿಲ್ಲಿಸಿ ಸೆರಗು ಸಿಕ್ಕಿಸಿಕೊಂಡಳು. ನಾನು ಹಿಂದೆ ಹಿಡಿಕೆಗೆ ಕೈಹಾಕಿದೆ.

"ಕೈ ತೆಗಿ."

"ಅಲ್ಲ, ಸ್ವಲ್ಪ ತಳ್ಳಿದ್ರೆ..."

"ತೆಗಿ ಅಂದೆ."

ಚಕ್ರ ತಿರುಗಿಸಿದಳು. ಸ್ವಲ್ಪ ಹತ್ತಿತು. ಮತ್ತೆ ತಿರುಗಿಸಿದಳು, ಕುತ್ತಿಗೆಯ ನರ ಉಬ್ಬಿತು, ಮೊಣಕೈ ನಡುಗಿತು, ಕುರ್ಚಿ ನಿಂತಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಬರತೊಡಗಿತು. ಹಿಡಿದುಕೊಂಡೆ. ಸಮಾಜದ ಅಧ್ಯಕ್ಷೆ ಎಂದರೆ ಎದುರಿನ ಕಿರಾಣಿ ಅಂಗಡಿಯ ಯಜಮಾನರ ಹೆಂಡತಿ, ಅಕ್ಕನಿಗೆ ಹಳೆಯ ಗೆಳತಿ. ಅವರಿಗೆ ಸಂಕಟವಾಗಿರಬೇಕು.

"ಅಯ್ಯೋ, ನೀನ್ಯಾಕೆ ಕಷ್ಟಪಡ್ತೀಯ ಮಾರಾಯ್ತಿ? ತಳ್ಳೋಕೆ ನಾವೆಲ್ಲ ಸತ್ತೋಗಿದೀವಾ?"

"ನೀವೆಲ್ಲ ಬದುಕಿದೀರಿ ಅಂತ್ಲೇ ನಾನು ಇಷ್ಟು ದಿನ ಬರ್ಲಿಲ್ಲ," ಎಂದಳು ಅಕ್ಕ. ದನಿ ಎತ್ತರಿಸಲಿಲ್ಲ. "ಬರ್ಬೇಕಂದ್ರೆ ನಾಲ್ಕು ಜನಕ್ಕೆ ಪುರುಸೊತ್ತಾಗ್ಬೇಕು. ಹೋಗ್ಬೇಕಂದ್ರೆ ಮತ್ತೆ ಅವರನ್ನ ಕೂಗ್ಬೇಕು. ಕಳೆ ಕೀಳೋಕೆ ಮೆರವಣಿಗೆ ಬೇಕಾ? ನನಗೆ ಬೆನ್ನೂ ನೋವಿಲ್ಲ, ಎಂತದೂ ಇಲ್ಲ. ಒಬ್ಳೇ ಬಂದು ಒಬ್ಳೇ ಹೋಗೋ ಹಾಗಿದ್ರೆ ಬರ್ತೀನಿ. ಇಲ್ದಿದ್ರೆ ಬೇಡ." ಆಮೇಲೆ ನನ್ನ ಕಡೆ ತಿರುಗಿ, "ಚೀಲಕ್ಕೆ ಕೈಯಿಲ್ಲ ಕಣೋ. ನನಗಿದೆ."

ಮೃಗಶಿರ ಮಳೆ ಹಿಡಿಯುವ ಮೊದಲು ಕೆಲಸ ಮುಗಿಯದಿದ್ದರೆ ದಮ್ಮಸ್ ಮಾಡಿದ ಮಣ್ಣೆಲ್ಲ ಚರಂಡಿಗೆ ಹೋಗುತ್ತದೆ ಎಂಬ ಹೊಸ ಚಿಂತೆಯನ್ನು ಹೊತ್ತು ನಾನು ಮನೆಗೆ ಬಂದೆ. ಅಕ್ಕ ಮನೆಗೆ ಬರಲಿಲ್ಲ. ರಸ್ತೆಯುದ್ದಕ್ಕೂ ಚಕ್ರ ತಿರುಗಿಸಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಜೀಪು ರಿಪೇರಿಯ ಗ್ಯಾರೇಜಿಗೆ ಹೋಗಿದ್ದಳು. ಅದರ ಸಾಹೇಬರು ಅವಳ ಕುರ್ಚಿಗೆ ಗ್ರೀಸು ಹಾಕಿಕೊಡುತ್ತಿದ್ದವರು. ಹುಡುಕಿಕೊಂಡು ಹೋದಾಗ ಅಲ್ಲಿ ಉದ್ದದ ಹಲಗೆಯ ಒಂದು ತುದಿ ಇಟ್ಟಿಗೆಗಳ ಮೇಲಿತ್ತು. ಅಕ್ಕ ಅದನ್ನು ಹತ್ತಲು ನೋಡುತ್ತಿದ್ದಳು. ಆಗದಿದ್ದರೆ ಒಂದು ಇಟ್ಟಿಗೆ ತೆಗೆಸುವಳು, ಮತ್ತೆ ಹತ್ತುವಳು. ನಾನು ಹಿಂದೆ ಎರಡೂ ಕೈ ಚಾಚಿ, ಹಲಸಿನ ಹಣ್ಣು ಬೀಳುವುದನ್ನು ಕಾಯುವವನ ಹಾಗೆ ನಿಂತೆ.

"ಇನ್ನೊಂದು ತೆಗೀರಿ ಸಾಹೇಬ್ರೆ."

"ಇನ್ನೂ ತೆಗೆದ್ರೆ ಹಲಗೆ ನೆಲಕ್ಕೇ ಬರ್ತದೆ ಟೀಚರೇ."

"ಬರ್ಲಿ. ನೆಲದ ಮೇಲಾದ್ರೂ ಹೋಗ್ತೀನಲ್ಲ."

ಕೊನೆಗೊಮ್ಮೆ ಕುರ್ಚಿ ನಿಧಾನವಾಗಿ, ನಡುವೆ ನಿಲ್ಲದೆ ಹಲಗೆಯ ತುದಿ ಮುಟ್ಟಿತು. ಸಾಹೇಬರು "ಭೇಷ್" ಎಂದರು. ಅಕ್ಕ ಇಳಿದು ಮತ್ತೊಮ್ಮೆ ಹತ್ತಿದಳು. ಅದೃಷ್ಟದಿಂದ ಆದದ್ದಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಇರಬೇಕು.

ಆದರೆ ಅಷ್ಟು ನಿಧಾನವಾದ ಏರನ್ನು ನೇರವಾಗಿ ಕಟ್ಟಲು ಹೊರಟರೆ ದಾರಿಯ ಬುಡ ಗೇಟು ದಾಟಿ, ರಸ್ತೆ ದಾಟಿ, ಅಧ್ಯಕ್ಷೆಯ ಕಿರಾಣಿ ಅಂಗಡಿಯೊಳಗೆ ಬೆಲ್ಲದ ಪಕ್ಕದಲ್ಲಿ ಶುರುವಾಗಬೇಕಿತ್ತು. ಅದನ್ನು ಹೇಳಿ ನಾನು ತಲೆಗೆ ಕೈಹೊತ್ತು ಕೂತೆ.

"ಬಾಬಾಬುಡನ್‌ಗಿರಿಗೆ ಬಸ್ಸು ನೇರ ಹತ್ತುತ್ತೇನೋ?" ಎಂದಳು ಅಕ್ಕ. "ಸುತ್ತಿ ಸುತ್ತಿ ತಾನೇ ಹೋಗೋದು?"

ನಕ್ಷೆ ಮತ್ತೆ ಬಿಡಿಸಿದೆ. ಈ ಸಲ ಅವಳು ಹೇಳಿದಳು, ನಾನು ಗೆರೆ ಎಳೆದೆ. ದಾರಿ ದಿಣ್ಣೆಯ ಪಕ್ಕೆ ಹಿಡಿದು ಹೋಗಿ, ನಡುವೆ ತಿರುಗಿ, ವಾಪಸು ಬಂದು ತಲೆ ಮುಟ್ಟುವುದು. ತಿರುವಿನಲ್ಲಿ ಕುರ್ಚಿ ನಿಲ್ಲಿಸಿ ಉಸಿರು ತೆಗೆದುಕೊಳ್ಳಲು ಮಟ್ಟಸ ಜಾಗ. ಶೆಡ್ಡು ಮೇಲಿನಿಂದ ಇಳಿದು ಆ ತಿರುವಿಗೆ ಬಂತು. ಅದರ ಮಾಡು ಮುಂದಕ್ಕೆ ಚಾಚಿ ಮಟ್ಟಸ ಜಾಗಕ್ಕೂ ನೆರಳಾಯಿತು. ಗುದ್ದಲಿ, ಕುಡುಗೋಲು ತೂಗುಹಾಕುವ ಮೊಳೆಗಳು ಕೂತವರ ಕೈಗೆ ಎಟಕುವಷ್ಟು ಕೆಳಗೆ. ಎಲ್ಲ ಚೆನ್ನಾಗಿತ್ತು, ಒಂದನ್ನು ಬಿಟ್ಟು: ದಾರಿಯ ಮೇಲಿನ ಸುತ್ತು ಅಧ್ಯಕ್ಷೆಯ ಡೇರೆ ಪಾತಿಯ ಮೇಲೆಯೇ ಹಾದುಹೋಗುತ್ತಿತ್ತು.

ಅದನ್ನು ಅವರಿಗೆ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಅವರು ನಕ್ಷೆಯನ್ನೂ ಪಾತಿಯನ್ನೂ ಬಹಳ ಹೊತ್ತು ನೋಡಿದರು. ಎಲ್ಲ ಇಲ್ಲಿಗೆ ಮುಗಿಯಿತೆಂದುಕೊಂಡೆ.

"ಗೆಡ್ಡೆ ಇನ್ನೂ ಚಿಗುರಿಲ್ಲ," ಎಂದರು ಕೊನೆಗೆ, ನನಗಲ್ಲ, ಅಕ್ಕನಿಗೆ. "ಈಗ ಕಿತ್ರೆ ಬದುಕ್ತವೆ. ಆದ್ರೆ ನಿನ್ನ ಪೆಟ್ಟಿಗೇಲಿ ಬಿಸಿಲು ಬೀಳೋ ಮೂಲೆ ನನಗೆ."

"ಅರ್ಧ ಮೂಲೆ."

"ಎಂತಾ ಜಿಪುಣಿ ಮಾರಾಯ್ತಿ ನೀನು! ನನ್ನ ಪಾತಿ ಇಡೀ ಕೊಡ್ತಿದೀನಿ."

"ಪಾತಿ ದಾರಿಗೆ ಕೊಟ್ಟಿದ್ದು. ನನಗಲ್ಲ. ನಾಳೆ ನಿನಗೆ ಮಂಡಿ ನೋವು ಬಂದ್ರೆ ನೀನೂ ಅದರಲ್ಲೇ ಹತ್ತೋದು."

ಅಧ್ಯಕ್ಷೆ ನಕ್ಕುಬಿಟ್ಟರು. ಅರ್ಧ ಮೂಲೆಗೇ ಒಪ್ಪಿದರು. ಆ ಸಂಜೆಯೇ ಸೆರಗು ಕಟ್ಟಿ ಕೂತು ಗೆಡ್ಡೆಗಳನ್ನು ಒಂದೊಂದಾಗಿ ಬಿಡಿಸಿ ಬುಟ್ಟಿಗೆ ಹಾಕಿದರು.

ರೋಹಿಣಿ ಮಳೆ ಮುಗಿಯುವ ಹೊತ್ತಿಗೆ ಸಿಮೆಂಟ್ ಒಣಗಿತ್ತು. ಪಾಚಿಗೆ ಜಾರಬಾರದೆಂದು ಗಾರೆಯವರು ಅದರ ಮೇಲೆ ಕಡ್ಡಿಪೊರಕೆಯಿಂದ ಅಡ್ಡಗೆರೆ ಎಳೆದಿದ್ದರು. ಅಕ್ಕ ಹತ್ತುವ ದಿನ ನಮ್ಮೆಲ್ಲರಿಗೂ ಒಂದೇ ಅಪ್ಪಣೆ: ಕೈ ಬೆನ್ನ ಹಿಂದೆ. ಶಾಲೆಯ ಮಕ್ಕಳಂತೆ ಕೈ ಕಟ್ಟಿ ಸಾಲಾಗಿ ನಿಂತೆವು. ಮೊದಲ ಸುತ್ತು ಹತ್ತಿ ಶೆಡ್ಡಿನ ನೆರಳಲ್ಲಿ ನಿಂತಳು. ಉಸಿರು ತೆಗೆದುಕೊಂಡಳು. ಎರಡನೆಯ ಸುತ್ತಿಗೆ ತಿರುಗುವಾಗ ಹನಿ ಶುರುವಾಯಿತು. ನಾನು ಕೊಡೆ ಬಿಚ್ಚಿ ಓಡಿದೆ.

"ಕೊಡೆ ಹಿಡ್ಕೊ. ಕುರ್ಚಿ ಮುಟ್ಟಿದ್ರೆ ನೋಡು."

ಕೊಡೆ ಹಿಡಿದು ಪಕ್ಕದಲ್ಲೇ ನಡೆದೆ. ಮೇಲೆ ಮುಟ್ಟಿದ ಅಕ್ಕ ಪೆಟ್ಟಿಗೆಯ ಮಣ್ಣಿಗೆ ಕೈಹಾಕಿ ಹಿಂಡಿ ನೋಡಿದಳು. "ಗೊಬ್ಬರ ಸಾಲ್ದು," ಎಂದಳು. ಅಷ್ಟೇ.

ಒಂದು ವಾರ ಕಳೆದಿರಬಹುದು. ಎಸ್ಟೇಟಿನಿಂದ ಬಂದಾಗ ಮನೆಯ ಬಾಗಿಲು ಮುಂದಕ್ಕೆ ಎಳೆದಿತ್ತು. ಮಂಚ ಖಾಲಿ. ಕುರ್ಚಿ ಇಲ್ಲ. ಅಕ್ಕಪಕ್ಕದವರಿಗೂ ಗೊತ್ತಿಲ್ಲ, ಯಾರೂ ಅವಳನ್ನು ಎಲ್ಲಿಗೂ ಕರೆದೊಯ್ದಿರಲಿಲ್ಲ. ಆಸ್ಪತ್ರೆ, ಚರಂಡಿ, ಲಾರಿ, ಎಲ್ಲವೂ ಕಣ್ಣ ಮುಂದೆ ಬಂದು ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಸಮಾಜದ ಗೇಟಿನಲ್ಲಿ ನಿಂತು ತಲೆಯೆತ್ತಿದರೆ, ದಿಣ್ಣೆಯ ಮೇಲೆ ಅಕ್ಕ ಒಬ್ಬಳೇ ಇದ್ದಳು. ಮಳೆ ತಾಗದಂತೆ ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಮಡಿಲಲ್ಲಿ ಕಿತ್ತ ಕಳೆ.

"ಎಂತಕ್ಕೋ ಓಡ್ಕೊಂಡ್ ಬಂದೆ?"

"ಸುಮ್ನೆ."

"ಹಾಗಾದ್ರೆ ಸುಮ್ನೆ ಮನೆಗೆ ಹೋಗಿ ಅನ್ನಕ್ಕಿಡು. ಈ ಸಾಲು ಮುಗಿಸಿ ಬರ್ತೀನಿ."

ನಾನು ಹೋಗಿ ಅನ್ನಕ್ಕಿಟ್ಟೆ.